ಮನೆಗೆ ನಂಬಿಕಸ್ಥ ಪ್ಲಂಬರ್ ಆರಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೈಪ್ ಒಡೆದು ನೀರು ಹಾಲ್ ತನಕ ಹರಿದ ಮೇಲೆ ಪ್ಲಂಬರ್ ಹುಡುಕಲು ಹೊರಟರೆ ಆರಿಸುವ ಮಾತೇ ಬರುವುದಿಲ್ಲ, ಸಿಕ್ಕಿದವರೇ ಗತಿ. ಈ ಕೆಲಸದಲ್ಲಿ ಇನ್ನೊಂದು ತೊಂದರೆಯೂ ಇದೆ. ತಪ್ಪು ಆಗಿದ್ದರೆ ಅದು ಗೋಡೆ ಒಳಗೆ, ಟೈಲ್ಸ್ ಅಡಿಯಲ್ಲಿ ಕೂತಿರುತ್ತದೆ. ಕೆಲಸ ಮುಗಿದ ದಿನ ಎಲ್ಲವೂ ಚೆನ್ನಾಗೇ ಕಾಣುತ್ತದೆ, ತಿಂಗಳುಗಳ ನಂತರ ಬಣ್ಣ ಉಬ್ಬಿ ಉದುರುತ್ತದೆ. ಹಾಗಾಗಿ ಪ್ಲಂಬರ್ ಹೇಗೆ ಅಂತ ನೋಡುವ ಹೊತ್ತು ಎರಡೇ: ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮುಂಚೆ, ಗೋಡೆ ಮುಚ್ಚುವ ಮುಂಚೆ.

ಪ್ಲಂಬರನ್ನು ಯಾವಾಗ ಹುಡುಕಬೇಕು?

ಏನೂ ಕೆಡದೇ ಇರುವಾಗ. ಎಲ್ಲ ಮನೆಯಲ್ಲೂ ಒಂದಲ್ಲ ಒಂದು ಸಣ್ಣ ಕೆಲಸ ಬಾಕಿ ಇದ್ದೇ ಇರುತ್ತದೆ. ಬಿಗಿದುಕೊಂಡು ತಿರುಗದ ಆಂಗಲ್ ಕಾಕ್ (ನಲ್ಲಿಗೆ ಹೋಗುವ ನೀರು ನಿಲ್ಲಿಸುವ ಗೋಡೆಯ ಚಿಕ್ಕ ವಾಲ್ವ್), ಸಿಂಕ್ ಕೆಳಗೆ ಸೋರುವ ಜಾಯಿಂಟ್, ನಿಲ್ಲದೆ ಹರಿಯುವ ಫ್ಲಶ್ ಟ್ಯಾಂಕ್. ಅದಕ್ಕೆ ಹೊಸಬರನ್ನು ಕರೆದು ನೋಡಿ. ಹೇಳಿದ ಹೊತ್ತಿಗೆ ಬಂದರಾ? ಬರಲಾಗದಿದ್ದರೆ ಒಂದು ಫೋನ್ ಮಾಡಿದರಾ? ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು ಕೆಲಸ ಶುರು ಮಾಡಿದರಾ? ಮುಗಿಸಿದ ಮೇಲೆ ಜಾಯಿಂಟಿನ ಸುತ್ತ ಒಣಗಿದ ಬಟ್ಟೆ ಅಥವಾ ಕಾಗದ ಒತ್ತಿ ತೇವ ಇದೆಯಾ ಅಂತ ನೋಡಿದರಾ? ಸಣ್ಣ ಕೆಲಸದಲ್ಲಿ ಶಿಸ್ತು ಇಲ್ಲದವರು ಇಡೀ ಬಾತ್‌ರೂಮಿನ ಕೆಲಸದಲ್ಲಿ ದಿಢೀರನೆ ಶಿಸ್ತು ಕಲಿಯುವುದಿಲ್ಲ.

ಮೊದಲ ಭೇಟಿಯಲ್ಲೇ ಒಳ್ಳೆ ಪ್ಲಂಬರ್ ಅಂತ ಗೊತ್ತಾಗುತ್ತದಾ?

ಬಹುಮಟ್ಟಿಗೆ ಗೊತ್ತಾಗುತ್ತದೆ. ಅವರು ಕೊಡುವ ಉತ್ತರಕ್ಕಿಂತ ಅವರು ಕೇಳುವ ಪ್ರಶ್ನೆಗಳನ್ನು ಗಮನಿಸಿ.

ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಅಂದುಕೊಳ್ಳಿ. ಕೆಲಸ ಗೊತ್ತಿರುವವರು ಮೊದಲು ಕೇಳುತ್ತಾರೆ: ಒಂದೇ ನಲ್ಲಿಯಲ್ಲಾ, ಮನೆಯ ಎಲ್ಲ ನಲ್ಲಿಯಲ್ಲಾ? ಬಿಸಿನೀರು ಮಾತ್ರ ಹೀಗಾ, ತಣ್ಣೀರೂ ಹೀಗೇನಾ? ಇದ್ದಕ್ಕಿದ್ದಂತೆ ಆಯಿತಾ, ದಿನ ಕಳೆದಂತೆ ಕಡಿಮೆಯಾಗುತ್ತಾ ಬಂತಾ? ಒಂದೇ ನಲ್ಲಿ ಅಂದರೆ ನೇರವಾಗಿ ಅದರ ತುದಿಯ ಜಾಲರಿಗೆ ಕೈ ಹಾಕುತ್ತಾರೆ. ಗಡಸು ನೀರಿನ ಬಿಳಿ ಪುಡಿ, ಮರಳು, ಪೈಪಿನ ತುಂಡು ಎಲ್ಲ ಅಲ್ಲೇ ಸೇರಿರುತ್ತವೆ. ಬಿಚ್ಚಿ ತೊಳೆದು ಹಾಕಿದರೆ ಕೆಲಸ ಮುಗಿಯಿತು. ಬಿಸಿನೀರು ಮಾತ್ರ ಕಡಿಮೆ ಅಂದರೆ ಗೀಸರಿನ ಕಡೆ ಹೋಗುತ್ತಾರೆ. ಎಲ್ಲ ನಲ್ಲಿಯಲ್ಲೂ ಹಾಗೇ ಅಂದರೆ ಮೇನ್ ವಾಲ್ವ್ ಪೂರ್ತಿ ತೆರೆದಿದೆಯಾ, ಟ್ಯಾಂಕಿನಿಂದ ಇಳಿಯುವ ಲೈನಿನಲ್ಲಿ ಗಾಳಿ ಕಟ್ಟಿಕೊಂಡಿದೆಯಾ ನೋಡುತ್ತಾರೆ.

ಇದ್ಯಾವುದನ್ನೂ ಕೇಳದೆ ಬಾಗಿಲಲ್ಲೇ ನಿಂತು "ಲೈನೇ ಹೋಗಿದೆ, ಎಲ್ಲ ಚೇಂಜ್ ಮಾಡಬೇಕು ಸರ್" ಅನ್ನುವವರೂ ಇದ್ದಾರೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೆ ತುಕ್ಕು ಕಟ್ಟಿ ಕಿರಿದಾಗಿರಬಹುದು, ಆ ಮಾತು ನಿಜವೂ ಆಗಿರಬಹುದು. ಆದರೆ ತೋರಿಸಿ ಹೇಳಲಿ. ಯಾವುದಾದರೂ ಜಾಯಿಂಟ್ ಬಿಚ್ಚಿದರೆ ಪೈಪಿನ ಒಳಗೆ ಏನಿದೆ ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಗುರುತು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರು. "ಇದು ಬಿಚ್ಚಿದ ಮೇಲೇ ಹೇಳೋಕಾಗೋದು" ಅನ್ನುವ ಪ್ಲಂಬರ್ ಮೇಲೆ ನನಗೆ ಜಾಸ್ತಿ ನಂಬಿಕೆ.

ಪರಿಚಯದವರ ಹತ್ತಿರ ವಿಚಾರಿಸುವಾಗ ಏನು ಕೇಳಬೇಕು?

"ಅವರು ಚೆನ್ನಾಗಿ ಮಾಡ್ತಾರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಬೇರೆ ತರ ಕೇಳಿ. ಕೆಲಸ ಆಗಿ ಎಷ್ಟು ದಿನ ಆಯಿತು? ಆಮೇಲೆ ಅದೇ ಜಾಗ ಮತ್ತೆ ಸೋರಿತಾ? ಸೋರಿದಾಗ ಕರೆದರೆ ಬಂದರಾ, ಬಂದು ಮತ್ತೆ ದುಡ್ಡು ಕೇಳಿದರಾ? ಮೊದಲು ಹೇಳಿದ ಲೆಕ್ಕಕ್ಕೂ ಕೊನೆಯ ಬಿಲ್ಲಿಗೂ ಎಷ್ಟು ಅಂತರ ಇತ್ತು? ಹೋದ ವಾರ ಕೆಲಸ ಮಾಡಿಸಿದವರ ಹೊಗಳಿಕೆಗಿಂತ ಎರಡು ವರ್ಷದ ಹಿಂದೆ ಮಾಡಿಸಿದವರ ಒಂದು ಮಾತಿಗೆ ತೂಕ ಜಾಸ್ತಿ.

ಆನ್‌ಲೈನ್ ಸ್ಟಾರ್‌ಗಳನ್ನು ನೋಡುವಾಗಲೂ ಇದೇ ಲೆಕ್ಕ. ಐದು ಸ್ಟಾರ್ ಕೊಟ್ಟವರಲ್ಲಿ ಬಹಳಷ್ಟು ಜನ ಕೆಲಸ ಮುಗಿದ ಅರ್ಧ ಗಂಟೆಯಲ್ಲೇ ಒತ್ತಿರುತ್ತಾರೆ. ಆಗ ಗೊತ್ತಾಗುವುದು ಪ್ಲಂಬರ್ ಮರ್ಯಾದೆಯಿಂದ ಮಾತಾಡಿದರು ಅನ್ನುವುದಷ್ಟೇ. ಕಡಿಮೆ ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ, ಅದಕ್ಕೆ ಪ್ಲಂಬರ್ ಹೇಗೆ ಉತ್ತರ ಕೊಟ್ಟಿದ್ದಾರೆ, ಅದನ್ನು ಓದಿ.

ಲೈಸೆನ್ಸ್ ಇರಲೇಬೇಕಾ?

ನಿಮ್ಮ ಊರಿನ ಕಾನೂನು ಏನು ಹೇಳುತ್ತದೋ ಅದು. ಕೆಲವು ಕಡೆ ಲೈಸೆನ್ಸ್ ಇಲ್ಲದೆ ಪ್ಲಂಬಿಂಗ್ ಕೆಲಸ ಮಾಡುವಂತೆಯೇ ಇಲ್ಲ. ಕೆಲವು ಕಡೆ ಮೇನ್ ಲೈನ್, ಒಳಚರಂಡಿ ಅಥವಾ ಗ್ಯಾಸ್ ಕನೆಕ್ಷನ್‌ಗೆ ಮಾತ್ರ ಬೇಕು. ಕಡ್ಡಾಯ ಇರುವ ಕಡೆ ನಂಬರ್ ಕೇಳಿ, ಕೊಟ್ಟ ಇಲಾಖೆಯಲ್ಲೇ ಪರಿಶೀಲಿಸಿ. ಕಡ್ಡಾಯ ಇಲ್ಲದ ಕಡೆ ಅನುಭವವೇ ಸರ್ಟಿಫಿಕೇಟ್. ಹಾಗಂತ "ಇಪ್ಪತ್ತು ವರ್ಷದಿಂದ ಇದೇ ಕೆಲಸ" ಅನ್ನುವ ಮಾತಿನಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ. ಇಪ್ಪತ್ತು ವರ್ಷ ಜಿಐ ಪೈಪಿಗೆ ಚೂಡಿ (ತಿರುಗಿಸಿ ಜೋಡಿಸುವ ಸ್ಕ್ರೂ ಗೆರೆ) ಹೊಡೆದವರಿಗೆ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್) ಅಂಟಿಸುವ ಕ್ರಮ ಗೊತ್ತಿರಲೇಬೇಕು ಅಂತೇನಿಲ್ಲ.

ಕೊಟೇಶನ್‌ನಲ್ಲಿ ಏನೇನು ಇರಬೇಕು?

ಸಾಮಾನಿನ ಖರ್ಚು ಬೇರೆ, ಕೂಲಿ ಬೇರೆ. ಇದು ಮೊದಲನೆಯದು. ಒಟ್ಟಿಗೆ ಒಂದೇ ಮೊತ್ತ ಬರೆದುಕೊಟ್ಟರೆ ಮೂರು ಜನರ ಲೆಕ್ಕವನ್ನು ಹೋಲಿಸಲು ಆಗುವುದೇ ಇಲ್ಲ.

ಜಗಳ ಆಗುವುದು ಮಾತ್ರ ಹೆಚ್ಚಾಗಿ ಬರೆಯದೇ ಬಿಟ್ಟ ವಿಷಯಕ್ಕೆ. ಗೋಡೆ ಒಡೆಯುವುದು ಪ್ಲಂಬರ್ ಕೆಲಸವಾ? ಒಡೆದದ್ದನ್ನು ಮುಚ್ಚಿ ಪ್ಲಾಸ್ಟರ್ ಮಾಡುವುದು ಯಾರು? ಟೈಲ್ಸ್ ಕೂರಿಸುವುದು ಯಾರು? ಒಡೆದ ಮಣ್ಣು, ಚೂರು ಹೊರಗೆ ಸಾಗಿಸುವುದು ಯಾರು? ಮಧ್ಯದಲ್ಲಿ ಇನ್ನೊಂದು ತೊಂದರೆ ಕಂಡರೆ ನಿಮ್ಮನ್ನು ಕೇಳಿ ಮುಂದುವರಿಯುತ್ತಾರಾ, ಮಾಡಿ ಆಮೇಲೆ ಬಿಲ್ ಕೊಡುತ್ತಾರಾ? ಪೈಪಿನ ಬ್ರ್ಯಾಂಡ್, ಸೈಜ್, ದರ್ಜೆಯನ್ನೂ ಬರೆಸಿ. "ಒಳ್ಳೆ ಕಂಪನಿ ಪೈಪ್" ಅನ್ನುವುದಕ್ಕೆ ಅರ್ಥವೇ ಇಲ್ಲ.

ಮೂರು ಕೊಟೇಶನ್‌ನಲ್ಲಿ ಒಂದು ತೀರಾ ಕಡಿಮೆ ಇದ್ದರೆ ಖುಷಿಪಡುವ ಮುಂಚೆ ಅದರಲ್ಲಿ ಯಾವ ಸಾಲು ಇಲ್ಲ ಅಂತ ಹುಡುಕಿ. ಸಾಮಾನ್ಯವಾಗಿ ಲೈನ್ ಸೋರುತ್ತದಾ ಅಂತ ನೋಡುವ ಟೆಸ್ಟಿಂಗೇ ಇರುವುದಿಲ್ಲ.

ಸಾಮಾನು ನಾವು ತರಬೇಕಾ, ಪ್ಲಂಬರ್ ತರಲಾ?

ಎರಡೂ ನಡೆಯುತ್ತದೆ. ನಲ್ಲಿ, ಶವರ್, ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಹಿಡಿ), ಕಮೋಡ್ ತರದ ಕಾಣುವ ಸಾಮಾನು ನೀವೇ ಆರಿಸಿ ತನ್ನಿ. ಎಲ್ಬೋ, ಟೀ, ನಿಪ್ಪಲ್ ತರದ ಪೈಪ್ ಜೋಡಿಸುವ ತುಂಡು, ಸಾಲ್ವೆಂಟ್ (ಪೈಪ್ ಅಂಟಿಸುವ ಅಂಟು) ಪ್ಲಂಬರ್ ತರುವುದೇ ವಾಸಿ, ಯಾಕೆಂದರೆ ಅರ್ಧ ಇಂಚು ಮುಕ್ಕಾಲು ಇಂಚಿನ ಗೊಂದಲದಲ್ಲಿ ನಿಮ್ಮ ದಿನವೆಲ್ಲ ಅಂಗಡಿಗೆ ಓಡಾಡುವುದರಲ್ಲೇ ಹೋಗುತ್ತದೆ. ಅಂಗಡಿಯವರು ಪ್ಲಂಬರಿಗೆ ಕಮಿಷನ್ ಕೊಡುವುದು ಹೊಸ ವಿಷಯ ಅಲ್ಲ. ಸಾಮಾನು ಸರಿಯಾಗಿದ್ದು ಬೆಲೆ ನ್ಯಾಯವಾಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಿಲ್ ಮಾತ್ರ ನಿಮ್ಮ ಹೆಸರಿನಲ್ಲಿರಲಿ, ವಾರಂಟಿಗೆ ಅದೇ ಬೇಕು. ಬದಲಾಯಿಸಿದ ಹಳೆಯ ಪಾರ್ಟನ್ನೂ ಕೇಳಿ ಇಟ್ಟುಕೊಳ್ಳಿ. ನಿಜವಾಗಿ ಬದಲಾಯಿಸಿದವರು ಖಂಡಿತ ಕೊಡುತ್ತಾರೆ.

ಕೆಲಸ ನಡೆಯುವಾಗ ನನಗೆ ಏನೂ ಗೊತ್ತಾಗುವುದಿಲ್ಲ. ಏನು ನೋಡಲಿ?

ತಲೆಯ ಮೇಲೆ ನಿಂತು ಕಾಯಬೇಕಾಗಿಲ್ಲ. ಎರಡು ಮೂರು ಜಾಗದಲ್ಲಿ ಕಣ್ಣಿಟ್ಟರೆ ಸಾಕು.

ಸಿಪಿವಿಸಿ ಜಾಯಿಂಟ್ ಅಂಟಿಸುವುದನ್ನು ಒಮ್ಮೆ ನೋಡಿ. ಪೈಪನ್ನು ನೇರವಾಗಿ ಕತ್ತರಿಸಬೇಕು, ಓರೆಯಾಗಿ ಅಲ್ಲ. ಕತ್ತರಿಸಿದ ಅಂಚಿನಲ್ಲಿ ಉಳಿದ ಎಳೆಗಳನ್ನು ಕೆರೆದು, ಒಣ ಬಟ್ಟೆಯಲ್ಲಿ ಒರೆಸಬೇಕು. ಸಾಲ್ವೆಂಟನ್ನು ಪೈಪಿನ ಹೊರಮೈಗೂ ಫಿಟ್ಟಿಂಗಿನ ಒಳಮೈಗೂ ತೆಳ್ಳಗೆ, ಎಲ್ಲ ಕಡೆ ಹಚ್ಚಬೇಕು. ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷದಷ್ಟು ಹಾಗೇ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಪೈಪ್ ನಿಧಾನಕ್ಕೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ನೀರು ಬಿಡುವ ಮುಂಚೆ ಎಷ್ಟು ಹೊತ್ತು ಕಾಯಬೇಕು ಅಂತ ಸಾಲ್ವೆಂಟ್ ಡಬ್ಬಿಯ ಮೇಲೇ ಬರೆದಿರುತ್ತದೆ. ಅಂಟಿಸಿದ ಐದು ನಿಮಿಷಕ್ಕೆ "ಬಿಡಿ ಸರ್ ನೀರು" ಅಂದರೆ ತಡೆಯಿರಿ.

ಆ ಡಬ್ಬಿಯ ಮೇಲಿನ ಹೆಸರನ್ನೂ ಓದಿ. ಸಾದಾ ಪಿವಿಸಿ ಅಂಟನ್ನು ಸಿಪಿವಿಸಿ ಬಿಸಿನೀರು ಲೈನಿಗೆ ಹಾಕಿದರೆ ಅದು ಬಾಳುವುದಿಲ್ಲ. ಪೈಪೂ ಅಷ್ಟೇ: ಸಿಪಿವಿಸಿ 93 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ, ಪಿವಿಸಿ 60 ಡಿಗ್ರಿಗೇ ಸೋಲುತ್ತದೆ. ಗೀಸರಿನಿಂದ ಹೊರಡುವ ಲೈನಿಗೆ ಬಿಳಿ ಪಿವಿಸಿ ಹಾಕಲು ಹೊರಟವರಿಗೆ ಕೆಲಸ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮಾಡುತ್ತಿದ್ದಾರೆ.

ಸೋರದಂತೆ ಚೂಡಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಚೂಡಿ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಅದು ಕಾಣುವಂಥದ್ದೇ.

ಪೈಪಿಗೆ ಜಾಗ ಮಾಡಲು ಕಾಂಕ್ರೀಟ್ ಬೀಮ್ ಅಥವಾ ಕಂಬಕ್ಕೆ ಕಟರ್ ಇಟ್ಟರೆ ಆ ಕ್ಷಣವೇ ನಿಲ್ಲಿಸಿ. ಇದರಲ್ಲಿ ಚೌಕಾಸಿ ಇಲ್ಲ. ಪೈಪ್ ಸುತ್ತಿಕೊಂಡು ಹೋಗಲಿ.

ಗೋಡೆ ಮುಚ್ಚುವ ಮುಂಚೆ ಪ್ರೆಷರ್ ಟೆಸ್ಟ್ ಮಾಡಿಸಲೇಬೇಕಾ?

ಕನ್ಸೀಲ್ಡ್ ಲೈನ್, ಅಂದರೆ ಗೋಡೆ ಒಳಗೆ ಮುಚ್ಚಿಹೋಗುವ ಪೈಪ್ ಆದರೆ ಮಾಡಿಸಲೇಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಡುವುದಾದರೆ ಇದನ್ನೇ ಇಡಿ.

ಮಾಡುವ ಕ್ರಮ ಹೀಗೆ. ನಲ್ಲಿ ಕೂರುವ ಎಲ್ಲ ಬಾಯಿಗೂ ಡಮ್ಮಿ (ತಾತ್ಕಾಲಿಕ ಮುಚ್ಚಳ) ಹಾಕುತ್ತಾರೆ. ಗೀಸರನ್ನು ಲೈನಿನಿಂದ ಬಿಡಿಸಿರುತ್ತಾರೆ. ಲೈನಿಗೆ ನಿಧಾನಕ್ಕೆ ನೀರು ತುಂಬಿ, ಎತ್ತರದ ಜಾಗದಿಂದ ಗಾಳಿ ಪೂರ್ತಿ ಹೊರಗೆ ಬಿಡುತ್ತಾರೆ. ಆಮೇಲೆ ಕೈಪಂಪಿನಿಂದ ಒತ್ತಡ ಏರಿಸಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ನೋಡುತ್ತಾರೆ. ದಿನಬಳಕೆಯ ಒತ್ತಡದ ಒಂದೂವರೆ ಪಟ್ಟು ಅನ್ನುವುದು ವಾಡಿಕೆಯ ಲೆಕ್ಕ. ಮೊದಲು ಮುಳ್ಳು ಸ್ವಲ್ಪ ಇಳಿಯಬಹುದು, ಪ್ಲಾಸ್ಟಿಕ್ ಪೈಪ್ ಹಿಗ್ಗುವುದರಿಂದ ಹಾಗಾಗುತ್ತದೆ. ಮತ್ತೆ ಏರಿಸಿ ಬಿಟ್ಟರೆ ಗಂಟೆಗಟ್ಟಲೆ ಅಲ್ಲೇ ನಿಲ್ಲಬೇಕು. ಇಳಿಯುತ್ತಲೇ ಹೋದರೆ ಎಲ್ಲೋ ಒಂದು ಜಾಯಿಂಟ್ ಬಿಟ್ಟಿದೆ ಅಂತ. ಈಗ ಸಿಕ್ಕರೆ ಅರ್ಧ ಗಂಟೆ ಕೆಲಸ. ಟೈಲ್ಸ್ ಹಾಕಿದ ಮೇಲೆ ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಮುಳ್ಳಿನ ಫೋಟೋ ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ತೆಗೆದುಕೊಳ್ಳಿ. ನೀರಿನ ಬದಲು ಕಂಪ್ರೆಸರಿನ ಗಾಳಿ ತುಂಬಿ ಟೆಸ್ಟ್ ಮಾಡುತ್ತೇವೆ ಅಂದರೆ ಬೇಡ ಅನ್ನಿ. ಒತ್ತಿದ ಗಾಳಿ ತುಂಬಿದ ಪಿವಿಸಿ, ಸಿಪಿವಿಸಿ ಪೈಪ್ ಒಡೆದರೆ ಚೂರು ಸಿಡಿದು ಗಾಯವಾಗುತ್ತದೆ.

ಟೆಸ್ಟ್ ಮುಗಿದ ಮೇಲೆ, ಪ್ಲಾಸ್ಟರ್ ಬೀಳುವ ಮುಂಚೆ, ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ ಕಾಣಬೇಕು. ಮುಂದೆ ಟವೆಲ್ ರಾಡಿಗೆ ಡ್ರಿಲ್ ಹಾಕುವವರು ಪೈಪಿಗೇ ತೂತು ಹಾಕುವುದು ಇದರಿಂದ ತಪ್ಪುತ್ತದೆ.

ಗೋಡೆ ತೇವ ಆಗಿದೆ, "ಒಡೆದು ನೋಡಬೇಕು" ಅನ್ನುತ್ತಾರೆ. ಒಪ್ಪಬಹುದಾ?

ಅಷ್ಟು ಬೇಗ ಬೇಡ. ಒಡೆಯುವ ಮುಂಚೆ ಮಾಡಬಹುದಾದ್ದು ಬೇಕಾದಷ್ಟಿದೆ, ಅವನ್ನು ಮಾಡುವವರೇ ನಿಮಗೆ ಬೇಕಾದ ಪ್ಲಂಬರ್.

ನೀರು ಸಪ್ಲೈ ಲೈನಿನದ್ದಾ, ವೇಸ್ಟ್ ಲೈನಿನದ್ದಾ, ಮಳೆಯದ್ದಾ ಅನ್ನುವುದನ್ನು ಮೊದಲು ಬೇರೆ ಮಾಡಬೇಕು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮಾಳಿಗೆಯ ಟ್ಯಾಂಕಿನ ಮಟ್ಟ ಗುರುತು ಮಾಡಿ, ಟ್ಯಾಂಕಿಗೆ ಬರುವ ನೀರನ್ನೂ ನಿಲ್ಲಿಸಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಸಪ್ಲೈ ಲೈನಿನಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಸೋರಿಕೆ. ನೇರವಾಗಿ ಮೀಟರಿನಿಂದ ನೀರು ಬರುವ ಮನೆಯಾದರೆ ಎಲ್ಲ ಮುಚ್ಚಿದಾಗ ಮೀಟರ್ ತಿರುಗುತ್ತಿದೆಯಾ ನೋಡಿದರೆ ಸಾಕು. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟರೆ ಅದರ ಗುಟ್ಟೂ ಬಯಲು. ಬಣ್ಣ ಕಮೋಡಿಗೆ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ.

ಸಪ್ಲೈ ಸರಿ ಇದ್ದರೆ ಬಾತ್‌ರೂಮಿನ ನೆಲದಲ್ಲಿ ನೀರು ಇಳಿದುಹೋಗುವ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ಒಂದು ದಿನ ನಿಲ್ಲಿಸಿ, ಕೆಳಗಡೆ ತೇವ ಏರುತ್ತದಾ ನೋಡುತ್ತಾರೆ. ಏರಿದರೆ ತೊಂದರೆ ನೆಲದ ವಾಟರ್‌ಪ್ರೂಫಿಂಗ್‌ನಲ್ಲಿ. ಅದಕ್ಕೆ ಪೈಪ್ ಬದಲಾಯಿಸಿ ಪ್ರಯೋಜನವಿಲ್ಲ.

ಬಾತ್‌ರೂಮಿನಲ್ಲಿ ಕೆಟ್ಟ ವಾಸನೆ. ನೆಲ ಒಡೆಯಬೇಕು ಅಂದರು. ನಿಜವಾ?

ಮೊದಲು ಒಂದು ಚೊಂಬು ನೀರನ್ನು ಟ್ರ್ಯಾಪಿಗೆ ಸುರಿಯಿರಿ. ಟ್ರ್ಯಾಪಿನಲ್ಲಿ ಯಾವಾಗಲೂ ನಿಲ್ಲುವ ನೀರೇ ಒಳಚರಂಡಿಯ ಗಾಳಿಯನ್ನು ತಡೆಯುವುದು. ಬಳಸದ ಬಾತ್‌ರೂಮಿನಲ್ಲಿ ಅದು ಆರಿಹೋಗುತ್ತದೆ, ವಾಸನೆ ಶುರುವಾಗುತ್ತದೆ. ನೀರು ಹಾಕಿದ ಮೇಲೂ ಬಂದರೆ, ಅಥವಾ ಪಕ್ಕದಲ್ಲಿ ಫ್ಲಶ್ ಮಾಡಿದಾಗ ಟ್ರ್ಯಾಪ್ ಗುಳುಗುಳು ಅಂದರೆ, ವೇಸ್ಟ್ ಲೈನಿನ ಗಾಳಿ ಹೊರಗೆ ಹೋಗುವ ವೆಂಟ್ ಪೈಪ್ ಇದೆಯಾ, ಕಟ್ಟಿದೆಯಾ ಅಂತ ನೋಡುವ ಪ್ಲಂಬರ್ ಬೇಕು.

ಡ್ರೈನ್ ಕಟ್ಟಿದಾಗ ಕರೆದ ಪ್ಲಂಬರಿಗೆ ಏನು ಹೇಳಬೇಕು?

ನೀವು ಆಗಲೇ ಸುರಿದಿರುವ ಕೆಮಿಕಲ್ ಯಾವುದು ಅಂತ ತಪ್ಪದೆ ಹೇಳಿ. ಪೈಪಿನಲ್ಲಿ ನಿಂತ ಆಸಿಡ್ ಅವರ ಮುಖಕ್ಕೆ ಚಿಮ್ಮಬಹುದು. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗಾಳಿ ಹೊರಡುತ್ತದೆ, ಅದು ವಿಷ. ಪದೇ ಪದೇ ಒಂದೇ ಜಾಗದಲ್ಲಿ ಕಟ್ಟುತ್ತಿದ್ದರೆ ಪ್ರತಿ ಸಲ ದುಡ್ಡು ಕೊಟ್ಟು ಬಿಡಿಸುವ ಬದಲು ಇಳಿಜಾರು ಅಳೆಸಿ. ವೇಸ್ಟ್ ಪೈಪಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಇರಬೇಕು.

ಗೀಸರ್ ಕೆಲಸವನ್ನೂ ಪ್ಲಂಬರಿಗೇ ಕೊಡಬಹುದಾ?

ನೀರಿನ ಭಾಗ ಕೊಡಬಹುದು. ವೈರಿಂಗ್, ಅರ್ಥಿಂಗ್ ಎಲೆಕ್ಟ್ರಿಷಿಯನ್ ಕೆಲಸ. "ಅದನ್ನೂ ನಾನೇ ಮಾಡ್ತೀನಿ ಬಿಡಿ" ಅನ್ನುವವರಿಗೆ ನಯವಾಗಿ ಬೇಡ ಅನ್ನಿ. ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ ಅಂತ ಅದರ ಬಾಯಿಗೆ ಪ್ಲಗ್ ಹೊಡೆಯುವವರನ್ನು ಮನೆಗೆ ಸೇರಿಸಬೇಡಿ. ಒಳಗಿನ ಒತ್ತಡ ಹೊರಗೆ ಹೋಗುವ ದಾರಿ ಅದು, ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು. ಗಾಳಿ ಆಡದ ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಹಾಕಲು ಒಪ್ಪುವವರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣ ಹೋಗುತ್ತದೆ.

"ಪೈಪ್ ಬದಲಾಯಿಸಿದರೆ ಶವರ್ ಜೋರಾಗಿ ಬರುತ್ತದೆ" ಅನ್ನುತ್ತಾರೆ. ನಂಬಲಾ?

ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ನೋಡಿ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ (ಒತ್ತಡದ ಅಳತೆ) ಒತ್ತಡ ಸಿಗುತ್ತದೆ. ಮೇಲ್ಮಹಡಿಯ ಶವರಿಗೂ ಟ್ಯಾಂಕಿಗೂ 3 ಮೀಟರ್ ಅಂತರ ಇದ್ದರೆ ಸಿಗುವುದು 0.3 ಬಾರ್. ದಪ್ಪ ಪೈಪ್, ಕಡಿಮೆ ಎಲ್ಬೋ ಹಾಕಿದರೆ ಹರಿವು ಸ್ವಲ್ಪ ಸುಧಾರಿಸುತ್ತದೆ, ಆದರೆ ಹೋಟೆಲಿನ ಶವರ್ ತರ ಬರಬೇಕು ಅಂದರೆ ಟ್ಯಾಂಕ್ ಎತ್ತರಿಸಬೇಕು ಇಲ್ಲವೇ ಪ್ರೆಷರ್ ಪಂಪ್ ಹಾಕಬೇಕು. ಇಷ್ಟನ್ನು ನೇರವಾಗಿ ಹೇಳಿದವರನ್ನು ನಂಬಿ.

ಅಡ್ವಾನ್ಸ್ ಎಷ್ಟು ಕೊಡಬೇಕು?

ಸಾಮಾನಿಗೆ ಬೇಕಾದಷ್ಟು. ಉಳಿದದ್ದು ಕೆಲಸ ಮುಂದುವರಿದಂತೆ ಹಂತ ಹಂತವಾಗಿ. ಟೆಸ್ಟ್ ಆದ ಮೇಲೆ ಒಂದು ಕಂತು, ನಲ್ಲಿ ಕೂರಿಸಿ ಕೆಲವು ದಿನ ಬಳಸಿದ ಮೇಲೆ ಕೊನೆಯ ಕಂತು ಅಂತ ಮೊದಲೇ ಮಾತಾಡಿಕೊಳ್ಳಿ. ಕೊನೆಯಲ್ಲಿ ಸುಮ್ನೆ ನೆಪ ತೆಗೆದು ದುಡ್ಡು ಹಿಡಿಯುವುದು ಬೇರೆ, ಮಾತಾಡಿಕೊಂಡು ಉಳಿಸುವುದು ಬೇರೆ.

ಗ್ಯಾರಂಟಿ ಕೇಳಬಹುದಾ?

ಕೇಳಿ, ಬರೆಸಿಕೊಳ್ಳಿ. ಸಾಮಾನಿನ ವಾರಂಟಿ ಕಂಪನಿಯದ್ದು, ಜೋಡಿಸಿದ ಕೆಲಸದ ಗ್ಯಾರಂಟಿ ಪ್ಲಂಬರದ್ದು. ಸೋರಿದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಅದಕ್ಕೇ ಎರಡನ್ನೂ ಬೇರೆ ಬೇರೆ ಬರೆದಿಡಬೇಕು.

ರಾತ್ರಿ ಪೈಪ್ ಒಡೆದರೆ ಯಾರನ್ನು ಕರೆಯಲಿ?

ಮೊದಲು ಮೇನ್ ವಾಲ್ವ್ ಮುಚ್ಚಿ. ಅದು ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಇವತ್ತೇ ತೋರಿಸಿ, ತಿರುಗುತ್ತದಾ ಅಂತಲೂ ನೋಡಿ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಬೇಕಾದಾಗ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಗೀಸರ್ ಸ್ವಿಚ್ ಆರಿಸಿ. ನೀರು ಸ್ವಿಚ್‌ಬೋರ್ಡ್ ಕಡೆ ಹೋಗುತ್ತಿದ್ದು, ಮೇನ್ ಸ್ವಿಚ್ ಇರುವ ಜಾಗ ಒಣಗಿದ್ದರೆ ಕರೆಂಟ್ ತೆಗೆಯಿರಿ. ಒದ್ದೆ ನೆಲದಲ್ಲಿ ನಿಂತು ಮುಟ್ಟಬೇಡಿ. ಆಮೇಲೆ ಫೋನ್. ಆ ಕಡೆಯವರು ರೇಟ್ ಹೇಳುವ ಮುಂಚೆ "ವಾಲ್ವ್ ಮುಚ್ಚಿದ್ರಾ?" ಅಂತ ಕೇಳಿದರೆ ನೀವು ಸರಿಯಾದ ನಂಬರಿಗೇ ಮಾಡಿದ್ದೀರಿ.

ಮನೆಯಲ್ಲಿ ಒಬ್ಬರೇ ಇದ್ದಾಗ ಹೊಸ ಪ್ಲಂಬರ್ ಬರುವುದಿದ್ದರೆ?

ಹೆಸರು, ಫೋಟೋ, ನಂಬರ್ ಮೊದಲೇ ತರಿಸಿಕೊಂಡು ಮನೆಯವರಿಗೋ ಪಕ್ಕದವರಿಗೋ ಕಳಿಸಿ. ಹೇಳಿದವರ ಬದಲು ಬೇರೆ ಯಾರೋ ಬಂದರೆ ವಾಪಸ್ ಕಳಿಸಲು ಸಂಕೋಚ ಬೇಡ. ತುರ್ತು ಇಲ್ಲದಿದ್ದರೆ ಜೊತೆಗೆ ಯಾರಾದರೂ ಇರುವ ಹೊತ್ತಿಗೆ ಬರಹೇಳಿ.

ಒಳ್ಳೆಯ ಪ್ಲಂಬರ್ ಸಿಕ್ಕಿದ್ದಾರೆ. ಮುಂದೆಯೂ ಕರೆದರೆ ಬರಬೇಕಲ್ಲ?

ಒಳ್ಳೆಯವರಿಗೆ ಕೆಲಸದ ಕೊರತೆ ಇರುವುದಿಲ್ಲ, ಯಾರ ಮನೆಗೆ ಮೊದಲು ಹೋಗಬೇಕು ಅಂತ ಆರಿಸುವುದು ಅವರೇ. ದುಡ್ಡು ಆ ದಿನವೇ ಕೊಡಿ. ಒಂದು ವಾಷರಿಗೆ ಒಂದು ಸಲ, ಒಂದು ನಲ್ಲಿಗೆ ಇನ್ನೊಂದು ಸಲ ಕರೆಯಬೇಡಿ, ಸಣ್ಣ ಕೆಲಸ ನಾಲ್ಕೈದು ಸೇರಿದ ಮೇಲೆ ಪಟ್ಟಿ ಮಾಡಿ ಕರೆಯಿರಿ. ತೊಟ್ಟಿಕ್ಕುವ ನಲ್ಲಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಬೇಡಿ, ಆಂಗಲ್ ಕಾಕ್ ಮುಚ್ಚಿ ಬೆಳಿಗ್ಗೆ ಮಾಡಿ. ಕರೆಯುವಾಗ ತೊಂದರೆಯ ಫೋಟೋ, ಸೋರುವ ಜಾಗದ ಚಿಕ್ಕ ವಿಡಿಯೋ ಕಳಿಸಿದರೆ ಬೇಕಾದ ಸಾಮಾನು ಹಿಡಿದೇ ಬರುತ್ತಾರೆ. ಗೋಡೆ ಮುಚ್ಚುವ ಮುಂಚೆ ತೆಗೆದ ಫೋಟೋಗಳ ಒಂದು ಪ್ರತಿಯನ್ನೂ ಅವರಿಗೆ ಕೊಟ್ಟಿರಿ.